ನೂರ ಅರವತ್ತೇಳು ಮೀಟರು

ನಾನು ಆ ಕೆಲಸ ಬಿಟ್ಟು ನಾಲ್ಕು ತಿಂಗಳು ಹನ್ನೆರಡು ದಿನವಾಯಿತು. ಮೂವತ್ತೊಂದನೆಯ ವಯಸ್ಸಿಗೆ ನಿವೃತ್ತಿಯ ಮಾತಾಡಿದರೆ ಬಾದಾಮಿಯ ನಮ್ಮ ಮನೆಯಲ್ಲಿ ನಗುತ್ತಾರೆ. ಆದರೆ ಆರು ವರ್ಷ ನಾನು ಮಾಡಿದ ಕೆಲಸವೇ ಈಗ ಆ ಆಫೀಸಿನಲ್ಲಿ ಉಳಿದಿಲ್ಲ. ಬೇಕಾದ ಪ್ರೋಗ್ರಾಂ ಎಲ್ಲವೂ ಸಿದ್ಧವಾಗಿ, ಕಟ್ಟಿ, ಡಬ್ಬಿಯಲ್ಲಿಟ್ಟಂತೆ ಇಂಟರ್ನೆಟ್ಟಿನಿಂದ ಇಳಿಯುತ್ತದೆ. ಕೆಲಸವೇ ಹೋದ ಮೇಲೆ ಅದನ್ನು ಮಾಡುತ್ತಿದ್ದವಳನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಬೇರೆ ಕಡೆ ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಆಗಾಗ ಫೋನು ಮಾಡುತ್ತಾರೆ. "ಅಕ್ಕಾರ, ಲೈಬ್ರರಿ ಸಿಗವಲ್ದು ಅಂತೈತ್ರಿ. ಇದ್ದದ್ದ ಕಣ್ಣಿಗೆ ಕಾಣತೈತಿ. ಏನ್ ಮಾಡೂದ್ರಿ?" ಎನ್ನುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ ಅದು. ನಾನು ದಿನಾಲೂ ಡೈರಿ ಬರೆಯುತ್ತಿದ್ದೆ. ಅದನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಓದಿದ ಮೇಲೆ ನಿಮಗೆ ಎಲ್ಲ ಸ್ಪಷ್ಟವಾಗುತ್ತದೆ ಎಂಬ ಭರವಸೆ ಕೊಡಲಾರೆ. ನನಗೇ ಆಗಿಲ್ಲ.

ಬಾಗಲಕೋಟೆಯ ನವನಗರದಲ್ಲಿ ನಮ್ಮದು ಖಾಸಗಿ ಮೋಜಣಿ ಆಫೀಸು. ಹೊಲ, ಲೇಔಟು, ಕಲ್ಲು ಕ್ವಾರಿ ಇವುಗಳ ಅಳತೆ ಮಾಡಿ ನಕಾಶೆ ಬರೆದು ಕೊಡುವುದು. ಮಾಲೀಕರು ಅಂಗಡಿ ಸರ್. ಹೊಲಗಳಲ್ಲಿ ಅಡ್ಡಾಡಿ ಅಳತೆ ಮಾಡುವವರು ರಾಜೇಸಾಬ ಕಾಕಾ. ಮೂವತ್ತು ವರ್ಷದಿಂದ ಅದೇ ಕೆಲಸ. ಕಂಪ್ಯೂಟರಿಗೆ ನಾನು. ಹಳೆಯ ಕಾಗದದ ನಕಾಶೆಗಳನ್ನು ಈಗಿನ ಉಪಗ್ರಹದ ಅಳತೆಗೆ ತರಲು ನಮ್ಮಲ್ಲಿ ಒಂದು ಪ್ರೋಗ್ರಾಂ ಇತ್ತು. ಹಿಂದೆ ಅಲ್ಲಿದ್ದ ಎಂಜಿನಿಯರೊಬ್ಬರು ಬರೆದು ಬಿಟ್ಟುಹೋದದ್ದು. ಅವರು ಬಿಟ್ಟದ್ದು ಪ್ರೋಗ್ರಾಮಿನ ಮೂಲ ಬರಹ ಮಾತ್ರ. ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಆ ಬರಹದಿಂದ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಬೇಕು. ಕಟ್ಟುವಾಗ ಅದು ತನ್ನ ಕೆಲಸದ ಅರ್ಧವನ್ನು ಬೇರೆಯವರು ಬರೆದಿಟ್ಟ ಕೋಡಿನಿಂದ ಎರವಲು ತರುತ್ತದೆ. ಆ ಎರವಲಿನ ಕಡತಗಳಿಗೆ ಲೈಬ್ರರಿ ಎನ್ನುತ್ತಾರೆ. ಅವು ಸಿಗದಿದ್ದರೆ ಕಟ್ಟುವ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ನನ್ನ ಮೊದಲ ದಿನ ಜೂನ್ ಮೂರು, ಸೋಮವಾರ. ಬೆಳಗಿನ ಹನ್ನೊಂದೂ ಇಪ್ಪತ್ತಕ್ಕೆ ಮೊದಲ ದೋಷ ಬಂತು. ಇಂಥ ಹೆಸರಿನ ಲೈಬ್ರರಿ ಸಿಗಲಿಲ್ಲ ಎಂದು. ನಾನು ಹುಡುಕಿದೆ. ಕಂಪ್ಯೂಟರಿನಲ್ಲಿ ಅದೇ ಹೆಸರಿನದು ಇತ್ತು. ಮತ್ತೆ ಕಟ್ಟಿದೆ, ಮತ್ತೆ ಸಿಗಲಿಲ್ಲ ಎಂದಿತು. ಸಂಜೆ ಐದರವರೆಗೆ ಇದೇ ನಡೆಯಿತು.

ಅಂಗಡಿ ಸರ್ ಹಿಂದೆ ಬಂದು ನಿಂತರು.

"ಏನಂತೈತಿ?"

"ಇಲ್ಲ ಅಂತೈತ್ರಿ ಸರ್. ಆದ್ರ ಐತ್ರಿ."

"ಐತಿ ಅಂದ್ರ ಕೊಡು ಅದಕ್ಕ."

"ಕೊಟ್ಟೇನ್ರಿ. ಒಲ್ಲೆ ಅಂತೈತ್ರಿ."

ಅವರು ಸ್ವಲ್ಪ ಹೊತ್ತು ಪರದೆ ನೋಡಿದರು. "ನಮ್ಮ ಮನ್ಯಾಗ ನಮ್ಮ ತಮ್ಮನೂ ಹಿಂಗ," ಎಂದು ಹೇಳಿ ಹೋದರು.

ಮೂರನೆಯ ದಿನ ಗೊತ್ತಾಯಿತು. ಓಡುವ ಪ್ರೋಗ್ರಾಮಿಗೆ ಬೇಕಾದ ಲೈಬ್ರರಿ ಬೇರೆ, ಕಟ್ಟುವಾಗ ನೋಡಿಕೊಳ್ಳಲು ಬೇಕಾದ ಅದರ ಜೊತೆಯ ಕಡತಗಳು ಬೇರೆ. ಮೊದಲನೆಯದು ಇತ್ತು, ಎರಡನೆಯದನ್ನು ಯಾರೂ ಹಾಕಿರಲಿಲ್ಲ. ಹಾಕಿದ ಮೇಲೆ ನಲವತ್ತು ಸೆಕೆಂಡಿನ ಕೆಲಸ. ಮೂರು ದಿನ ಎಲ್ಲಿ ಹೋದವು ಎಂದು ಆಫೀಸಿನಲ್ಲಿ ಯಾರೂ ಕೇಳಲಿಲ್ಲ. ನಾನು ಮಾತ್ರ ಡೈರಿಯ ಹಿಂದಿನ ಪುಟದಲ್ಲಿ ಗೆರೆ ಎಳೆದು ಎಣಿಸಲು ಶುರು ಮಾಡಿದೆ.

ಆರು ವರ್ಷದ ಆ ಎಣಿಕೆ ಹೀಗಿದೆ. ಒಟ್ಟು ದೋಷಗಳು ನಾನೂರ ಹನ್ನೆರಡು. ಲೈಬ್ರರಿ ಸಿಗಲಿಲ್ಲ ಎಂದದ್ದು ಇನ್ನೂರ ಮೂವತ್ತೊಂದು. ಸಿಕ್ಕಿತು ಆದರೆ ಆವೃತ್ತಿ ಹೊಂದಲಿಲ್ಲ ಎಂದದ್ದು ನೂರ ಹದಿನೆಂಟು. ಹೊಂದಿಕೊಂಡು ಕಟ್ಟಿಯೂ ಆಯಿತು, ಓಡಿಸಿದಾಗ ಬಿದ್ದುಹೋಯಿತು ಎಂಬುದು ಅರವತ್ತೆರಡು. ಉಳಿದದ್ದು ಒಂದು. ಆ ಒಂದಕ್ಕೆ ನನ್ನ ಪುಟದಲ್ಲಿ ಕಾಲಂ ಇರಲಿಲ್ಲ. ಅದರ ವಿಷಯಕ್ಕೆ ಬರುತ್ತೇನೆ.

ಹೊಸಬರು ಮಾಡುವ ದೊಡ್ಡ ತಪ್ಪನ್ನು ನಾನೂ ಮೊದಲ ವರ್ಷವೇ ಮಾಡಿದ್ದೇನೆ. ಒಂದು ಕಂಪ್ಯೂಟರಿನಲ್ಲಿ ಚಲೋ ನಡೆಯುತ್ತಿದ್ದ ಲೈಬ್ರರಿಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಇನ್ನೊಂದಕ್ಕೆ ಸುರಿದೆ. ಹಳೆಯದರ ಮೇಲೆ ಬರೆಯಲೇ ಎಂದು ಅದು ಕೇಳಿತು; ಹೂಂ ಎಂದೆ. ಮರುದಿನ ಆ ಕಂಪ್ಯೂಟರು ಎದ್ದೇಳಲೇ ಇಲ್ಲ. ಅದರ ಎಲ್ಲ ಪ್ರೋಗ್ರಾಂಗಳೂ ನಿಂತಿದ್ದ ಅಡಿಗಲ್ಲನ್ನೇ ನಾನು ಬದಲಿಸಿಬಿಟ್ಟಿದ್ದೆ. ಅಂಗಡಿ ಸರ್ ಸಿಟ್ಟಾಗಲಿಲ್ಲ, ಗಾಬರಿಯಾದರು. ಅವರು ಸಿಟ್ಟಾದರೆ ತಡೆದುಕೊಳ್ಳಬಹುದು. ಗಾಬರಿಯಾದರೆ ದಿನವಿಡೀ ಎಲ್ಲರ ಹಿಂದೆ ಬಂದು ನಿಲ್ಲುತ್ತಾರೆ.

ಗಾಬರಿಯಿಂದಲೇ ಅವರು ಇನ್ನೊಂದು ಆಜ್ಞೆ ಮಾಡಿದರು. ಪ್ರೋಗ್ರಾಂ ಓಡುವಾಗ ಕಪ್ಪು ಪರದೆಯ ಮೇಲೆ ಸಾಲುಸಾಲು ಅಕ್ಷರ ಓಡುತ್ತಿದ್ದವು. ನಕಾಶೆಗೆಂದು ಬಂದ ಗಿರಾಕಿಗಳು ಎದುರಿಗೆ ಕೂತು ಅದನ್ನು ನೋಡುತ್ತಿದ್ದರು.

"ಸುಜಾತಾ, ಆ ಸಾಲ ಬರೂದ ಬಂದ್ ಮಾಡು. ಅದರಾಗ ಎಚ್ಚರಿಕೆ, ಎಚ್ಚರಿಕೆ ಅಂತ ಬರತೈತಿ. ಮಂದಿ ಅಂಜತಾರ."

"ಅವು ಸಣ್ಣ ಎಚ್ಚರಿಕೆ ಇರ್ತಾವ್ರಿ ಸರ್."

"ಸಣ್ಣೂವ ಇದ್ರ ತೋರಿಸೂದ್ಯಾಕ?"

 ಆ ಸಾಲುಗಳೆಲ್ಲ ಪರದೆಗೆ ಬಾರದೆ ಒಂದು ಕಡತಕ್ಕೆ ಹೋಗುವಂತೆ ಮಾಡಿದೆ. ವಾರಕ್ಕೊಮ್ಮೆ ತೆರೆದು ನೋಡಬೇಕೆಂದು ಡೈರಿಯಲ್ಲಿ ಬರೆದುಕೊಂಡೆ. ಆರು ವಾರ ನೋಡಿದ ಗುರುತು ಇದೆ. ಏಳನೆಯ ವಾರದಿಂದ ಇಲ್ಲ.

ಇನ್ನು ಗೇಟಿನ ಕಲ್ಲು. ನಮ್ಮ ಆಫೀಸಿನ ಗೇಟಿನ ಬಲಗಡೆ ಇಳಕಲ್ಲಿನ ಕೆಂಪು ಗ್ರಾನೈಟಿನ ಒಂದು ಕಲ್ಲು ಹುಗಿದಿದೆ. ಮೇಲೆ ಉಳಿಯಿಂದ ಕೊರೆದ ಅಡ್ಡ-ಉದ್ದ ಗೆರೆ. ಆ ಗೆರೆಗಳು ಸೇರುವ ಜಾಗದ ಅಂಕಿಗಳನ್ನು ಒಳಗಿನ ಗೋಡೆಯ ಮೇಲೆ ಬಣ್ಣದಿಂದ ಬರೆದಿದ್ದಾರೆ. ಅಳತೆಯ ಯಂತ್ರ ಹೊರಗೆ ಹೋಗುವ ಮುಂಚೆ ಆ ಕಲ್ಲಿನ ಮೇಲೆ ನಿಲ್ಲಬೇಕು; ಯಂತ್ರ ಹೇಳುವುದೂ ಗೋಡೆ ಹೇಳುವುದೂ ಒಂದೇ ಆಗಬೇಕು. ಅಮಾವಾಸ್ಯೆಗೆ ಅಂಗಡಿ ಸರ್ ಆ ಕಲ್ಲಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಅವರು ಮರೆತರೆ ನೆನಪು ಮಾಡುವವರು ರಾಜೇಸಾಬ ಕಾಕಾ.

"ಸರ್, ಇವತ್ತ ಕಲ್ಲಿನ ಕಾಯಿ ಐತ್ರಿ."

"ನನಗಿಂತ ನಿಮಗ ಹೆಚ್ಚ ಚಿಂತಿ ಐತಲ್ಲ ರಾಜೇಸಾಬ."

"ಪೂಜಿ ನಿಮ್ಮದ್ರಿ. ಅಳತಿ ನಂದೈತ್ರಿ. ಕಲ್ಲ ಮುನದ್ರ ಹೊಲದಾಗ ಬೈಸಿಕೊಳ್ಳಾಂವ ನಾನ."

ನಾನು ಸೇರಿದ ಮೇಲೆ ಈ ಪದ್ಧತಿಯನ್ನು ಕಂಪ್ಯೂಟರಿಗೂ ತಂದೆ. ಪ್ರೋಗ್ರಾಂ ಹೊಸದಾಗಿ ಕಟ್ಟಿದಾಗ ಮೊದಲು ಗೇಟಿನ ಕಲ್ಲಿನ ಅಂಕಿಯನ್ನು ಅದರಲ್ಲಿ ಹಾಕಿ, ನಕಾಶೆಯ ಮೇಲೆ ಗೇಟಿನ ಜಾಗದಲ್ಲೇ ಬಿಂದು ಬೀಳುತ್ತದೆಯೇ ಎಂದು ನೋಡುವುದು. ಬಿದ್ದರೆ ಪ್ರೋಗ್ರಾಂ ಸರಿ. ಕಾಕಾ ಇದನ್ನು ಕೇಳಿ ತುಂಬ ಸಂತೋಷಪಟ್ಟರು. ನಮ್ಮಂಥ ಆಫೀಸಿನವರು ಮಾತ್ರ ಮಾಡಬಹುದಾದ ತಪ್ಪು ಇದೇ. ಅದು ತಪ್ಪೆಂದು ಗೊತ್ತಾಗಲು ಐದು ವರ್ಷ ಬೇಕಾಯಿತು.

ಕಳೆದ ವರ್ಷ ಮಾರ್ಚ್ ಹನ್ನೊಂದು, ಸೋಮವಾರ ಹೊಸ ಕಂಪ್ಯೂಟರು ಬಂತು. ಅದರಲ್ಲಿ ನಕಾಶೆಯ ಲೆಕ್ಕ ಮಾಡುವ ಲೈಬ್ರರಿಯ ಹೊಸ ಆವೃತ್ತಿ ಇತ್ತು. ನಮ್ಮ ಪ್ರೋಗ್ರಾಂ ಹಳೆಯ ಆವೃತ್ತಿಯನ್ನೇ ಹೆಸರು ಹಿಡಿದು ಕೇಳುತ್ತಿತ್ತು. ಒಂಬತ್ತು ದಿನ ಹೋದವು. ಹಳೆಯದನ್ನು ತಂದು ಹಾಕಿದರೆ ಅದಕ್ಕೆ ಬೇಕಾದ ಇನ್ನೊಂದು ಇಲ್ಲ; ಆ ಇನ್ನೊಂದನ್ನು ತಂದರೆ ಅದು ಹೊಸದರ ಜೊತೆ ಜಗಳ. ಒಂದು ದಿನ ಬೆಳಗ್ಗೆ ಹದಿನಾಲ್ಕು ದೋಷ ಇದ್ದದ್ದು ಮಧ್ಯಾಹ್ನಕ್ಕೆ ಮೂರಾಗಿ, ಸಂಜೆ ಇಪ್ಪತ್ತಾರಾಯಿತು. ನಾನು ಏನು ಬದಲಿಸಿದ್ದರಿಂದ ಏನಾಯಿತು ಎಂದು ಡೈರಿಯಲ್ಲಿ ಬರೆದಿದ್ದರೂ ಈಗ ಓದಿದರೆ ತಲೆಬುಡ ತಿಳಿಯುವುದಿಲ್ಲ.

ಹತ್ತನೆಯ ದಿನ ಇಂಟರ್ನೆಟ್ಟಿನಲ್ಲಿ ಯಾರೋ ಬರೆದ ಸಲಹೆ ಓದಿದೆ. ಹೊಸ ಕಡತಕ್ಕೆ ಹಳೆಯ ಹೆಸರಿನ ಒಂದು ಕೊಂಡಿ ಹಾಕಿ, ಸಾಕು. ಒಂದು ಸಾಲಿನ ಕೆಲಸ. ಹಾಕಿದೆ. ಪ್ರೋಗ್ರಾಂ ಹಳೆಯ ಹೆಸರು ಹಿಡಿದು ಕೂಗಿತು, ಹೊಸದು ಓ ಎಂದಿತು. ಕಟ್ಟಿ ಮುಗಿಯಿತು. ಓಡಿತು. ಗೇಟಿನ ಕಲ್ಲಿನ ಅಂಕಿ ಹಾಕಿದೆ. ಬಿಂದು ಗೇಟಿನ ಮೇಲೆಯೇ ಬಿತ್ತು. ಅಂಗಡಿ ಸರ್ ಅಮೀನಗಡದಿಂದ ತಂದಿದ್ದ ಕರದಂಟು ಹಂಚಿದರು. ಡೈರಿಯಲ್ಲಿ ದಪ್ಪಕ್ಷರದಲ್ಲಿ "ಸರಿಯಾಯಿತು" ಎಂದು ಬರೆದೆ. ಆ ಪುಟ ಈಗಲೂ ಇದೆ.

ಜುಲೈ ಎರಡನೆಯ ವಾರ, ಮಂಗಳವಾರ ಮಧ್ಯಾಹ್ನ. ಐವತ್ತು ದಾಟಿದ ಹೆಣ್ಣುಮಗಳೊಬ್ಬರು ಆಫೀಸಿಗೆ ಬಂದರು. ಹೆಸರು ಶಾಂತವ್ವ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ಕಡೆ, ರಸ್ತೆಯಿಂದ ಒಳಗೆ ಅವರ ಹೊಲ. ಪಕ್ಕದಲ್ಲಿ ಗ್ರಾನೈಟಿನ ಕ್ವಾರಿ. ಆ ಕ್ವಾರಿಯ ಗುತ್ತಿಗೆದಾರ ಹಳೆಯ ನಕಾಶೆ ತಂದು ಕೊಟ್ಟಿದ್ದ. ನಾನು ಅದರ ನಾಲ್ಕು ಮೂಲೆಗಳ ಅಂಕಿ ತೆಗೆದು ಕೊಟ್ಟಿದ್ದೆ. ಮೊದಲಾದರೆ ಕಾಕಾ ಸ್ವತಃ ಹೋಗಿ ಮೂಲೆ ತೋರಿಸುತ್ತಿದ್ದರು. ಈಗ ಅಂಕಿಗಳನ್ನು ಫೋನಿಗೆ ಕಳಿಸಿದರೆ ಅವರ ಜನವೇ ಯಂತ್ರ ಹಿಡಿದು ಕಲ್ಲು ನೆಡುತ್ತಾರೆ. ಹಾಗೆಯೇ ನೆಟ್ಟಿದ್ದರು. ಸುಣ್ಣದ ಗೆರೆಯನ್ನೂ ಎಳೆದಿದ್ದರು.

"ಈ ನಕಾಶೆ ಯಾರ್ ಬರದಾರ?" ಎಂದು ಶಾಂತವ್ವ ಕೈಯಲ್ಲಿದ್ದ ಹಾಳೆ ತೋರಿಸಿದರು.

"ನಾನ್ರಿ."

"ನೀನೇನ? ನಮ್ಮ ಬಾವಿ ನೋಡಿಯೇನ ನೀ?"

"ಇಲ್ರಿ ಯಕ್ಕಾ."

"ನೋಡಲಾರದ ಅದನ್ನ ಕ್ವಾರಿಯಾಗ ಹ್ಯಾಂಗ ಒಗದಿ? ಗೆರಿ ಬಾವಿ ದಾಟಿ ಆ ಕಡಿ ಹೋಗೇತಿ. ಮೋಟರ್ ಎತ್ತಿಸ್ಯಾರ. ಬರೂ ಸ್ವಾಮಾರದಿಂದ ಮಣ್ಣ ತಗೀತಾರಂತ. ಆ ಬಾವಿ ಬಿಟ್ರ ನನ್ನ ಹೊಲಕ್ಕ ಒಂದ ಹನಿ ನೀರಿಲ್ಲ."

ಅಂಗಡಿ ಸರ್ ಸಮಾಧಾನದ ದನಿಯಲ್ಲಿ ಹೇಳಿದರು: "ಯವ್ವಾ, ಇದು ಹಳೇ ಸರ್ವೆ ನಕಾಶೆ ಮ್ಯಾಲಿಂದ ಬಂದದ್ದು. ನಾವ್ ನಮ್ಮ ಮನಸಿನಿಂದ ಬರದಿಲ್ಲ."

"ಬಾವಿ ತೋಡಿದಾಂವ ನಮ್ಮ ಮಾವ. ಕ್ವಾರಿ ಹದ್ದಿ ಬಿಟ್ಟ ಈ ಕಡಿ ತೋಡೇನಿ ಅಂತ ಹೇಳತಿದ್ದ. ಅಂವಾ ಸುಳ್ಳ ಹೇಳತಿದ್ದನೇನು?"

 ಸೋಮವಾರಕ್ಕೆ ಆರು ದಿನ ಇತ್ತು.

ಅಂದು ಸಂಜೆ ನಾನು ಎಲ್ಲವನ್ನೂ ಮತ್ತೆ ಓಡಿಸಿದೆ. ಅದೇ ಅಂಕಿ ಬಂತು. ಗೇಟಿನ ಕಲ್ಲು ಹಾಕಿದೆ, ಸರಿಯಾಗಿ ಬಿತ್ತು. ಕ್ವಾರಿಯ ನಕಾಶೆ ಹಾಕಿದೆ, ಬಾವಿ ಒಳಗೆ. ಕಲ್ಲು ಸರಿ, ಬಾವಿ ಒಳಗೆ. ಬುಧವಾರ ಹನ್ನೊಂದು ಸಲ ಮಾಡಿದ್ದೇನೆ. ಹಳೆಯ ನಕಾಶೆಯೇ ತಪ್ಪಿರಬೇಕು ಎಂದು ಒಮ್ಮೆ ಬರೆದಿದ್ದೇನೆ, ಶಾಂತವ್ವನ ಮಾವ ತಪ್ಪಿರಬೇಕು ಎಂದು ಅದರ ಕೆಳಗೆ. ಅದರ ಕೆಳಗೆ ಬರೀ ಪ್ರಶ್ನೆಯ ಚಿಹ್ನೆ.

ಗುರುವಾರ ಕಾಕಾ ಪಕ್ಕದಲ್ಲಿ ಬಂದು ಕುಳಿತರು. ಅವರಿಗೆ ಕಂಪ್ಯೂಟರು ಗೊತ್ತಿಲ್ಲ. ಸುಮ್ಮನೆ ಕೇಳಿದರು.

"ಗೇಟಿನ ಕಲ್ಲಿನ ಅಂಕಿ ಎಲ್ಲಿಂದ ಬಂತವಾ?"

"ನಿಮ್ಮ ಯಂತ್ರದಿಂದ ಬಂತಲ್ರಿ ಕಾಕಾ."

"ಮತ್ತ ಕ್ವಾರಿ ಅಂಕಿ?"

"ಹಳೇ ನಕಾಶೆಯಿಂದ್ರಿ."

"ಹಂಗಾರ ಕಲ್ಲು ಹಳೇ ನಕಾಶೆಯಿಂದ ಬಂದಿಲ್ಲ."

"ಇಲ್ರಿ."

"ಅಲ್ಲವಾ, ಮದುವಿ ಹೆಣ್ಣ ತೋರಿಸ ಅಂದ್ರ ಬಾಜೂ ಮನಿ ಹುಡಿಗಿ ತೋರಿಸಿದಂಗಾತಲ್ಲ ಇದು. ಆ ಕಲ್ಲಿನಿಂದ ಇದನ್ನ ಹ್ಯಾಂಗ ಪರೀಕ್ಷಾ ಮಾಡತಿ ನೀ?"

 ಹೊಸಬರಿಗಾಗಿ ಇದನ್ನು ಬಿಡಿಸಿ ಹೇಳಬೇಕು. ಹಳೆಯ ನಕಾಶೆಗಳು ಭೂಮಿಯ ಆಕಾರವನ್ನು ಒಂದು ಲೆಕ್ಕದಲ್ಲಿ ಹಿಡಿದು ಬರೆದವು. ಈಗಿನ ಉಪಗ್ರಹದ ಯಂತ್ರ ಇನ್ನೊಂದು ಲೆಕ್ಕದಲ್ಲಿ ಹಿಡಿಯುತ್ತದೆ. ಒಂದೇ ಕಲ್ಲಿಗೆ ಎರಡು ಲೆಕ್ಕದಲ್ಲಿ ಎರಡು ಅಂಕಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವುದೇ ಆ ಲೈಬ್ರರಿಯ ಕೆಲಸ. ಗೇಟಿನ ಕಲ್ಲಿನ ಅಂಕಿ ಮೊದಲೇ ಹೊಸ ಲೆಕ್ಕದಲ್ಲಿತ್ತು. ಅದನ್ನು ಬದಲಿಸುವ ಅಗತ್ಯವೇ ಇರಲಿಲ್ಲ. ಐದು ವರ್ಷ ನಾನು ಮಾಡಿದ ಪರೀಕ್ಷೆ, ಪರೀಕ್ಷೆ ಮಾಡಬೇಕಾದ ಜಾಗವನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಆಗ ಎಚ್ಚರಿಕೆಯ ಸಾಲುಗಳು ಹೋಗುತ್ತಿದ್ದ ಕಡತ ನೆನಪಾಯಿತು. ತೆರೆದೆ. ನಾಲ್ಕು ಸಾವಿರಕ್ಕೂ ಹೆಚ್ಚು ಸಾಲು. ಮಾರ್ಚ್ ತಿಂಗಳಿಂದ ಒಂದೇ ಮಾತು ಮತ್ತೆ ಮತ್ತೆ ಬಂದಿತ್ತು. ಹಳೆಯ ಲೆಕ್ಕದಿಂದ ಹೊಸ ಲೆಕ್ಕಕ್ಕೆ ಬದಲಿಸುವ ಕೋಷ್ಟಕ ಸಿಗಲಿಲ್ಲ, ಬದಲಿಸದೆ ಮುಂದುವರಿಯುತ್ತಿದ್ದೇನೆ ಎಂಬ ಅರ್ಥದ ಮಾತು. ಹೊಸ ಲೈಬ್ರರಿ ತನ್ನ ಕೋಷ್ಟಕವನ್ನು ಬೇರೆ ಜಾಗದಲ್ಲಿ ಇಡುತ್ತದೆ. ನಾನು ಹಾಕಿದ ಕೊಂಡಿ ಹೆಸರನ್ನು ಹೊಂದಿಸಿತ್ತು, ಕೋಷ್ಟಕದ ದಾರಿ ಹೇಳಿರಲಿಲ್ಲ. ಅದು ಪಾಪ ಪ್ರತಿ ಸಲ ಹೇಳುತ್ತಲೇ ಇತ್ತು. ಬಾಯಿಗೆ ಬಟ್ಟೆ ಕಟ್ಟಿದವಳು ನಾನು.

ಕೊಂಡಿ ತೆಗೆದೆ. ಹಳೆಯ ಲೈಬ್ರರಿಯನ್ನು ಅದರ ಕೋಷ್ಟಕದ ಸಮೇತ ಬೇರೆಯೇ ಒಂದು ಫೋಲ್ಡರಿನಲ್ಲಿ ಕಟ್ಟಿದೆ. ನಮ್ಮ ಪ್ರೋಗ್ರಾಂ ಅಲ್ಲಿ ಮಾತ್ರ ನೋಡಬೇಕು, ಬೇರೆಲ್ಲೂ ನೋಡಬಾರದು ಎಂದು ಬರೆದು ಹೊಸದಾಗಿ ಕಟ್ಟಿದೆ. ಶುಕ್ರವಾರ ಬೆಳಗ್ಗೆ ಹತ್ತೂ ಮುಕ್ಕಾಲಿಗೆ ಕ್ವಾರಿಯ ನಕಾಶೆ ಓಡಿಸಿದೆ. ನಾಲ್ಕು ಮೂಲೆಗಳೂ ವಾಯವ್ಯಕ್ಕೆ ಸರಿದವು, ನೂರ ಅರವತ್ತೇಳು ಮೀಟರು. ಬಾವಿ ಹೊರಗೆ ಬಂತು.

ಎಣಿಸಿದೆ. ಮಾರ್ಚಿನಿಂದ ಕೊಟ್ಟ ನಕಾಶೆ ಇಪ್ಪತ್ಮೂರು. ಅವುಗಳಲ್ಲಿ ಹಳೆಯ ಕಾಗದದಿಂದ ತೆಗೆದದ್ದು ಒಂಬತ್ತು. ಒಂಬತ್ತೂ ತಪ್ಪು. ನನ್ನ ಎಣಿಕೆಯಲ್ಲಿ ಕಾಲಂ ಇಲ್ಲದ ಆ ಒಂದು ದೋಷ ಇದೇ.

ಅಂಗಡಿ ಸರ್ ಬಾಗಿಲು ಹಾಕಿಕೊಂಡು ಕೇಳಿದರು. ಕೇಳುತ್ತ ಕೇಳುತ್ತ ಮುಖ ಒರೆಸಿಕೊಂಡರು.

"ಒಂದ ಕೆಲಸ ಮಾಡೂಣು. ಗುತ್ತಿಗೆದಾರಗ ಹೊಸಾ ನಕಾಶೆ ಕಳಸು. ತಿದ್ದುಪಡಿ ಅಂತ ಬರಿ. ಯಾಕ ಅಂತ ಬರೀಬ್ಯಾಡ."

"ಯಾಕ ಅಂತ ಕೇಳಿದ್ರ?"

"ಕೇಳೂದಿಲ್ಲ."

"ಶಾಂತವ್ವ ಕೇಳತಾರ್ರಿ ಸರ್."

"ನೀ ಹೇಳಬ್ಯಾಡ. ಆಫೀಸಿನ ಹೆಸರ ಐತಿ. ಇಪ್ಪತ್ತ ವರ್ಷದ ಹೆಸರ."

 ಹೊಸ ನಕಾಶೆ ಕಳಿಸಿದೆ. ಗುತ್ತಿಗೆದಾರನ ಫೋನು ಹತ್ತು ನಿಮಿಷದಲ್ಲಿ ಬಂತು: ನಾಲ್ಕು ತಿಂಗಳ ಹಿಂದೆ ಒಂದು ಹೇಳಿದಿರಿ, ಈಗ ಒಂದು ಹೇಳುತ್ತೀರಿ, ಯಾವುದು ಖರೆ ಎಂದು ನೆಲದ ಮೇಲೆ ತೋರಿಸಿ, ಇಲ್ಲದಿದ್ದರೆ ಸೋಮವಾರ ಮಣ್ಣು ತೆಗೆಯುವ ನನ್ನ ಯಂತ್ರ ಇಳಿಯುತ್ತದೆ. ಅವನು ಕೇಳಿದ್ದೂ ನ್ಯಾಯವೇ.

ಶನಿವಾರ ಬೆಳಗ್ಗೆ ಕಾಕಾ ಮತ್ತು ನಾನು ಹೋದೆವು. ಐದು ವರ್ಷದಲ್ಲಿ ನಾನು ಹೊಲಕ್ಕೆ ಹೋದದ್ದು ಅದೇ ಮೊದಲು. ನಾನು ಬರೆದ ಗೆರೆಯನ್ನು ನೆಲದ ಮೇಲೆ ನೋಡಿದ್ದೂ ಅದೇ ಮೊದಲು. ಸುಣ್ಣದ ಗೆರೆ ಬಾವಿಯ ಆಚೆ, ಬೆಳೆದ ಮೆಣಸಿನ ಗಿಡಗಳ ನಡುವೆಯೇ ಹಾದು ಹೋಗಿತ್ತು. ಬಾವಿಯ ದಂಡೆಯ ಮೇಲೆ ಎತ್ತಿಟ್ಟ ಮೋಟರಿಗೆ ಗೋಣಿಚೀಲ ಹೊದಿಸಿದ್ದರು. ಗುತ್ತಿಗೆದಾರನ ಆಳುಗಳ ಮೇಲ್ವಿಚಾರಕ, ಮುಕಾದಮ ಒಬ್ಬ, ಬೈಕಿನ ಮೇಲೆ ಕೂತು ನೋಡುತ್ತಿದ್ದ.

ನಾನು ಶಾಂತವ್ವನಿಗೆ ಹೊಸ ನಕಾಶೆ ತೋರಿಸಿದೆ. ಬಾವಿ ಹೊರಗಿದೆ ಎಂದೆ. ಅವರು ಹಾಳೆ ಮುಟ್ಟಲೂ ಇಲ್ಲ.

"ಮೊನ್ನೆ ಒಳಗೈತಿ ಅಂತ ಹೇಳಿದ್ದೂ ಇದ ಕಂಪ್ಯೂಟರ ಅಲ್ಲೇನು?"

"ಹೌದ್ರಿ."

"ಇವತ್ತ ಹೊರಗೈತಿ ಅನ್ನೂದೂ ಇದ?"

"ಹೌದ್ರಿ."

"ನಾಳಿಗೆ ಏನನ್ನತೈತಿ?"

ಮುಕಾದಮ ನಕ್ಕ.  ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನನಗೂ ಅದೇ ಪ್ರಶ್ನೆ ಇತ್ತು. ಮಾರ್ಚಿನಲ್ಲೂ "ಸರಿಯಾಯಿತು" ಎಂದು ಬರೆದಿದ್ದೆನಲ್ಲ.

ಕಾಕಾ ಹಳೆಯ ನಕಾಶೆ ಬಿಡಿಸಿದರು. "ನಾಕೂ ಮೂಲಿಗೆ ಹದ್ದಿ ತೋರಿಸೂ ಬಾಂದಗಲ್ಲ ಹಾಕೇವಿ ಅಂತ ಇದರಾಗ ಬರದಾರ. ಒಂದರೆ ಉಳಿದಿರಬೇಕು. ಕಂಪ್ಯೂಟರ ಹೇಳಿದ್ದ ಖರೆ ಇದ್ರ ಕಲ್ಲ ಆ ಅಂಕಿ ಮ್ಯಾಲೆ ಇರಬೇಕು. ನಡೀರಿ."

ಬಾವಿಗೆ ಹತ್ತಿರದ ಆಗ್ನೇಯ ಮೂಲೆಯ ಹೊಸ ಅಂಕಿಯನ್ನು ಯಂತ್ರಕ್ಕೆ ಹಾಕಿಕೊಂಡು ಕಾಕಾ ನಡೆದರು. ಹಿಂದೆ ನಾನು, ಶಾಂತವ್ವ. ಯಂತ್ರ ಒಂದು ಜಾಲಿಕಂಟಿಯ ಬುಡದಲ್ಲಿ ನಿಲ್ಲಿಸಿತು. ಕಾಕಾ ಕಂಟಿ ಕಡಿದರು. ಶಾಂತವ್ವ ಗುದ್ದಲಿ ಕಸಿದುಕೊಂಡು ತಾವೇ ಅಗೆದರು. ಒಂದು ಅಡಿ. ಎರಡು ಅಡಿ. ಕಲ್ಲಿಲ್ಲ. ಬರೀ ಗರಸು.

"ಸಾಕ ಬಿಡ್ರಿ," ಎಂದ ಮುಕಾದಮ.

"ನೀ ಸುಮ್ನ ಕೂಡ್ರೋ," ಎಂದರು ಶಾಂತವ್ವ. ನನ್ನ ಕಡೆ ನೋಡಲಿಲ್ಲ.

ಕಾಕಾ ಕಬ್ಬಿಣದ ಸರಳು ತೆಗೆದುಕೊಂಡು ತಗ್ಗಿನ ಸುತ್ತ ಚುಚ್ಚುತ್ತ ಬಂದರು. ಒಂದು ಕಡೆ ಟಣ್ ಎಂದಿತು. ಅಗೆದರು. ಮಣ್ಣು ಮೆತ್ತಿದ ಕಲ್ಲಿನ ತಲೆ ಕಂಡಿತು. ಶಾಂತವ್ವ ಸೆರಗಿನಿಂದ ಒರೆಸಿದರು. ಉಳಿಯಿಂದ ಕೊರೆದ ಅಡ್ಡ-ಉದ್ದ ಗೆರೆ.

ನಾನು ಅಳೆದೆ. ಪ್ರೋಗ್ರಾಂ ಹೇಳಿದ ಜಾಗಕ್ಕೂ ಕಲ್ಲಿಗೂ ಅಂತರ ಅರವತ್ತು ಸೆಂಟಿಮೀಟರು. ಕಲ್ಲಿನಿಂದ ಬಾವಿಯ ದಂಡೆಗೆ ಟೇಪು ಹಿಡಿದೆವು. ಒಂದು ತುದಿ ಕಾಕಾ, ಒಂದು ತುದಿ ಶಾಂತವ್ವ. ಹದ್ದಿಯಿಂದ ಹೊರಗೆ ಐವತ್ತೆಂಟು ಮೀಟರು ನಲವತ್ತು ಸೆಂಟಿಮೀಟರು. ಮುಕಾದಮನೂ ಬೈಕಿನಿಂದ ಇಳಿದು ಬಂದು ಟೇಪು ನೋಡಿದ. ಫೋನಿನಲ್ಲಿ ಕಲ್ಲಿನ ಫೋಟೋ ತೆಗೆದುಕೊಂಡ.

"ಹಂಗಾರ ಮದಲ ಬರದದ್ದ ಯಾಕ ತಪ್ಪಾತು?" ಎಂದು ಶಾಂತವ್ವ ಈಗ ನನ್ನನ್ನೇ ನೋಡಿ ಕೇಳಿದರು.

ಅಂಗಡಿ ಸರ್ ಹೇಳಬೇಡ ಎಂದಿದ್ದರು. ನಾನು ಹೇಳಿದೆ. ಲೈಬ್ರರಿ, ಕೊಂಡಿ, ಕೋಷ್ಟಕ ಯಾವುದೂ ಬರಲಿಲ್ಲ ಬಾಯಿಗೆ. "ಪ್ರೋಗ್ರಾಂ ಕಟ್ಟೂ ಮುಂದ ನಾ ತಪ್ಪ ಮಾಡಿದ್ನಿ. ಅದು ಎಚ್ಚರಿಕಿ ಕೊಟ್ಟಿತ್ತು. ನಾ ನೋಡಲಿಲ್ಲ," ಎಂದೆ.

"ಇದನ್ನ ಬರದ ಕೊಡು."

"ಆಫೀಸಿಗೆ ಹೋಗಿ ಪ್ರಿಂಟ್ ತಗದ—"

"ಪ್ರಿಂಟ್ ಬ್ಯಾಡ. ಅದು ಮತ್ತ ಅದರದ ಆತು. ನೀ ನಿನ್ನ ಕೈಲೆ ಬರಿ. ನಿನ್ನ ಸಹಿ ಹಾಕು."

ಡೈರಿಯ ಒಂದು ಹಾಳೆ ಹರಿದು, ತೊಡೆಯ ಮೇಲಿಟ್ಟುಕೊಂಡು ಬರೆದೆ. ಮೊದಲ ನಕಾಶೆ ತಪ್ಪು, ತಪ್ಪು ನನ್ನದು, ಬಾವಿ ಹದ್ದಿಯ ಹೊರಗೆ ಇಷ್ಟು ಮೀಟರು. ತಾರೀಖು, ಸಹಿ. ಆರು ವರ್ಷದಲ್ಲಿ ನಾನು ಮಾಡಿದ ಎಲ್ಲ ನಕಾಶೆಗಳ ಕೆಳಗೂ ನನ್ನ ಹೆಸರು ಅಚ್ಚಾಗಿತ್ತು. ಕೈಯಿಂದ ಬರೆದದ್ದು ಅದೊಂದೇ. ಕಾಕಾ ಕೆಳಗೆ ಸಾಕ್ಷಿ ಎಂದು ಸಹಿ ಮಾಡಿದರು.

ಸೋಮವಾರ ಅಂಗಡಿ ಸರ್ ಎದುರಿಗೆ ನಿಂತು ಅದನ್ನೂ ಹೇಳಿದೆ. ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಹಿಂದೆ ಬಂದು ನಿಲ್ಲಲೂ ಇಲ್ಲ. ಮೂರನೆಯ ದಿನ ಉಳಿದ ಎಂಟು ನಕಾಶೆಗಳ ಪಟ್ಟಿ ನನ್ನ ಮೇಜಿನ ಮೇಲಿಟ್ಟರು. ಪ್ರತಿ ಹೆಸರಿನ ಮುಂದೆ ಫೋನ್ ನಂಬರನ್ನು ತಾವೇ ಬರೆದಿದ್ದರು.

"ಎಲ್ಲಾರಿಗೂ ನೀನ ಹೇಳು. ನಾ ಫೋನ್ ಹಿಡದ್ರ ದನಿ ನಡಗತೈತಿ."

ಎಂಟೂ ಮಂದಿಗೆ ಹೇಳಿದೆ. ಇಬ್ಬರು ಬೈದರು. ಒಬ್ಬರಿಗೆ ನಕಾಶೆ ಪಡೆದದ್ದೇ ಮರೆತಿತ್ತು. ಐವರ ಕಡೆ ಕಾಕಾ ಜೊತೆ ಹೋಗಿ ಹಳೆಯ ಕಲ್ಲು ಹುಡುಕಿದೆವು, ಮೂರು ಸಿಕ್ಕವು. ಸಿಗದ ಎರಡರಲ್ಲಿ ಪ್ರೋಗ್ರಾಂ ಹೇಳಿದ್ದು ಸರಿಯೋ ತಪ್ಪೋ ಎಂದು ನನಗೆ ಇಂದಿಗೂ ಖಚಿತವಿಲ್ಲ. ನಕಾಶೆಯ ಮೇಲೆ ಹಾಗೆಂದೇ ಬರೆದು ಕೊಟ್ಟೆವು.

ಶಾಂತವ್ವನ ಹೊಲದಿಂದ ಗುತ್ತಿಗೆದಾರನ ಜನ ತಾವು ನೆಟ್ಟಿದ್ದ ಕಲ್ಲು ಕಿತ್ತುಕೊಂಡು ಹೋದದ್ದು ಮುಂದಿನ ಶುಕ್ರವಾರ. ಮರುದಿನ ಮೋಟರು ಇಳಿಸುತ್ತಾರೆಂದು ಕಾಕಾ ಹೇಳಿದರು. ಯಾರೂ ಕರೆದಿರಲಿಲ್ಲ, ಆದರೂ ಹೋದೆ. ಅಷ್ಟು ದಿನ ನೀರಿಲ್ಲದೆ ಮೆಣಸಿನ ಗಿಡಗಳ ಎಲೆ ಮುದುಡಿದ್ದವು. ಸುಣ್ಣದ ಗೆರೆ ಅಲ್ಲಲ್ಲಿ ಇನ್ನೂ ಕಾಣುತ್ತಿತ್ತು.

ಶಾಂತವ್ವ ನನ್ನನ್ನು ನೋಡಿ, "ಬಂದಿ? ನಿಂದರು," ಎಂದರು. ಅಷ್ಟೇ. ಹಗ್ಗ ಬಿಟ್ಟು ಮೋಟರು ಇಳಿಸಿದರು. ವೈರು ಜೋಡಿಸಿದರು. ಶಾಂತವ್ವ ತಾವೇ ಹೋಗಿ ಬಟನ್ ಒತ್ತಿದರು. ಒಳಗೆ ಗುಂಯ್ ಎಂಬ ಸದ್ದು ಬಂತು, ನೀರು ಬರಲಿಲ್ಲ. ಪೈಪಿನ ಬಾಯಿ ಕೆಮ್ಮಿತು. ಗಾಳಿ ಬಂತು. ಮತ್ತೆ ಕೆಮ್ಮಿತು, ಮಣ್ಣು ಉಗುಳಿತು. ನಾನು ಅಭ್ಯಾಸದಂತೆ ಎಣಿಸುತ್ತಿದ್ದೆ. ನೀರು ಬರಲು ನಲವತ್ತೊಂದು ಸೆಕೆಂಡು ಹಿಡಿಯಿತು.